ಒಂದೇ ಸರ್ವರ್ ಬಳಸುವ ಇನ್ನೊಬ್ಬರು ನನ್ನ ಎಕ್ಸ್ ವಿಂಡೋ ನೋಡಬಹುದಾ?
ಕಾಲೇಜಿನ ಹಳೆಯ ಲಿನಕ್ಸ್ ಸರ್ವರ್‌ಗೆ ಎಲ್ಲರೂ ಎಕ್ಸ್ ಫಾರ್ವರ್ಡಿಂಗ್ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಮಿನ ವಿಂಡೋವನ್ನು ನಮ್ಮ ಪರದೆಯಲ್ಲಿ ತೋರಿಸುವ ವ್ಯವಸ್ಥೆ) ಹಾಕಿ ಲಾಗಿನ್ ಆಗುತ್ತೇವೆ, ಪಕ್ಕದವರು ನನ್ನ ಪರದೆಗೆ ಕೈ ಹಾಕಬಹುದಾ ಅಂತ ಕೇಳಿದ್ದೀರಿ. ದೂರದಿಂದ ಲಾಗಿನ್ ಆಗಲು ಬಳಸುವ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್ ತುಂಬಾ ಹಳೆಯದಾಗಿದ್ದರೆ ಹಾಕಬಹುದು. ಅದಕ್ಕೆ ರೂಟ್ (ಸರ್ವರ್‌ನ ಪೂರ್ತಿ ಅಧಿಕಾರ ಇರುವ ಅಕೌಂಟ್) ಬೇಡ, ಮಾಮೂಲಿ ಅಕೌಂಟ್ ಸಾಕು. ನಾನೂ ಕಾಸರಗೋಡಿನಲ್ಲಿ ಇಂಥದ್ದೇ ಲ್ಯಾಬ್ ಸರ್ವರ್ ನೋಡಿಕೊಳ್ಳುತ್ತೇನೆ. ಇಲ್ಲಿ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲೇ ಲಿನಕ್ಸ್ ಬಳಸಿ ಬಂದಿರುತ್ತಾರೆ. ಒಂದು ಪೋರ್ಟ್ (ಸಂಪರ್ಕಗಳು ಬರುವ ನಂಬರಿನ ಬಾಗಿಲು) ಹಿಡಿದು ಕೂರುವುದು ಅವರಿಗೆ ಕಷ್ಟವೇ ಅಲ್ಲ.

ನೀವು ಲಾಗಿನ್ ಆದಾಗ ಸರ್ವರ್ ಸಾಮಾನ್ಯವಾಗಿ 6010ನೇ ಪೋರ್ಟ್ ಹಿಡಿದು, ಡಿಸ್‌ಪ್ಲೇ 10 ಅಂತ ನಿಮ್ಮ ಸೆಶನ್‌ಗೆ ಹೇಳುತ್ತದೆ. ಆ ಪೋರ್ಟ್ ಖಾಲಿ ಇಲ್ಲದಿದ್ದರೆ 6011ಕ್ಕೆ ಹೋಗಬೇಕು. ಎಡವಟ್ಟಾಗಿದ್ದು ಇಲ್ಲೇ. ನೆಟ್‌ವರ್ಕ್ ವಿಳಾಸಗಳಲ್ಲಿ ಐಪಿವಿ4, ಐಪಿವಿ6 ಅಂತ ಎರಡು ಬಗೆ. ಯಾರಾದರೂ 127.0.0.1ರಲ್ಲಿ (ಸರ್ವರ್ ತನ್ನನ್ನೇ ಕರೆಯುವ ಐಪಿವಿ4 ವಿಳಾಸ) 6010 ಹಿಡಿದಿದ್ದರೆ ಐಪಿವಿ4ರಲ್ಲಿ ಜಾಗ ಸಿಗುವುದಿಲ್ಲ, ಐಪಿವಿ6ರಲ್ಲಿ ಸಿಗುತ್ತದೆ. ಒಂದು ಕಡೆ ಸಿಕ್ಕಿತಲ್ಲ ಅಂತ ಹಳೆಯ ಆವೃತ್ತಿ 10ನ್ನೇ ಕೊಟ್ಟುಬಿಡುತ್ತಿತ್ತು. ಆಮೇಲೆ ನೀವು ಈಮ್ಯಾಕ್ಸ್ ಎಂಬ ಎಡಿಟರ್ ತೆರೆದರೆ ಅದು ಐಪಿವಿ4ರಲ್ಲಿ ಕಾದು ಕೂತವನಿಗೇ ಎಕ್ಸ್ ಕುಕಿ (ಡಿಸ್‌ಪ್ಲೇಗೆ ಒಳಬಿಡುವ ಗುಟ್ಟಿನ ಸಂಕೇತ) ಒಪ್ಪಿಸುತ್ತದೆ. ಬೀಗದ ಕೈ ಕೊಟ್ಟ ಹಾಗೆ. ಅದನ್ನು ಹಿಡಿದು ಅವನು ಐಪಿವಿ6 ಮೂಲಕ ನಿಮ್ಮ ಡಿಸ್‌ಪ್ಲೇಗೆ ಬರುತ್ತಾನೆ. ಲಾಗಿನ್ ಆಗುವಾಗ ನೀವು ದೊಡ್ಡಕ್ಷರದ ವೈ (-Y) ಆಯ್ಕೆ ಹಾಕಿದ್ದರೆ ಬೇರೆ ವಿಂಡೋದಲ್ಲಿ ಒತ್ತುವ ಕೀಗಳನ್ನೂ ಓದಬಹುದು. ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಬರೀ ಎಕ್ಸ್ (-X) ಆಯ್ಕೆ ಹಾಕಿದರೂ ಮಾಮೂಲಿಯಾಗಿ ಅಷ್ಟೇ ಸಲಿಗೆ ಸಿಗುತ್ತದೆ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಭದ್ರತಾ ಲೋಪಗಳ ಸಾರ್ವಜನಿಕ ಪಟ್ಟಿಯಾದ ಸಿವಿಇಯಲ್ಲಿ ಈ ತೂತಿನ ನಂಬರ್ ಸಿವಿಇ-2008-1483. 2008ರ ಏಪ್ರಿಲ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 5.0ರಲ್ಲಿ ಮುಚ್ಚಿದರು. ಕೆಲವು ಲಿನಕ್ಸ್ ವಿತರಣೆಗಳು ಹಳೆಯ ಆವೃತ್ತಿ ನಂಬರ್ ಇಟ್ಟುಕೊಂಡೇ ತೇಪೆ ಹಾಕಿದ್ದವು. ಹಾಗಾಗಿ 4.3 ಅಂತ ಕಂಡ ಕೂಡಲೇ ಗಾಬರಿ ಬೇಡ, ಪ್ಯಾಕೇಜಿನ ಬದಲಾವಣೆ ಪಟ್ಟಿಯಲ್ಲಿ ಆ ಸಿವಿಇ ಇದೆಯಾ ನೋಡಿ. ಇಲ್ಲದಿದ್ದರೆ ಅಪ್‌ಡೇಟ್ ಮಾಡಿಸಿ. ಅಷ್ಟರ ತನಕ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ (ಸರ್ವರ್ ಕಡೆಯ ಓಪನ್‌ಎಸ್‌ಎಸ್‌ಎಚ್‌ನ ಸೆಟ್ಟಿಂಗ್ ಫೈಲ್) ಅಡ್ರೆಸ್‌ಫ್ಯಾಮಿಲಿಯನ್ನು ಐನೆಟ್ ಅಂತ ಇಡಲು ಅಡ್ಮಿನ್‌ಗೆ ಹೇಳಿ. ಆಗ ಐಪಿವಿ6 ಇರುವುದೇ ಇಲ್ಲ, ಪೋರ್ಟ್ ಸಿಗದಿದ್ದರೆ ಮುಂದಿನದಕ್ಕೆ ಹೋಗಲೇಬೇಕು.

ಗ್ರಾಫಿಕ್ಸ್ ಬೇಡದ ದಿನ ಸುಮ್ನೆ ಫಾರ್ವರ್ಡಿಂಗ್ ಹಾಕಬೇಡಿ. ಇನ್ನೊಂದು ಮಾತು: ಸರ್ವರ್‌ನ ರೂಟ್ ಯಾರ ಕೈಯಲ್ಲಿದೆಯೋ ಅವರು ಹೊಸ ಆವೃತ್ತಿಯಲ್ಲೂ ನಿಮ್ಮ ಕುಕಿ ಓದಬಹುದು. ಅವರ ಮೇಲೆ ನಂಬಿಕೆ ಇಲ್ಲದ ಯಂತ್ರಕ್ಕೆ ಎಕ್ಸ್ ಫಾರ್ವರ್ಡಿಂಗ್ ಬೇಡವೇ ಬೇಡ.