ನಾಯಿ ಕಣ್ಣಲ್ಲಿ ಹುಳ: ಮೇಲಿದೆಯೋ, ಗುಡ್ಡೆಯೊಳಗಿದೆಯೋ ಮೊದಲು ನೋಡಿ

ಮೇಡಂ, ನಿಮ್ಮ ಲ್ಯಾಬ್ರಡಾರ್ ಕಣ್ಣಲ್ಲಿ ಬಿಳಿ ದಾರದಂಥ ಹುಳ ಹರಿದಾಡುತ್ತಿದೆ ಅಂದಿದ್ದೀರಿ. ದನಕ್ಕೆ ಕೊಡುವ ಹುಳದ ಔಷಧಿ ಐವರ್ಮೆಕ್ಟಿನ್ ಇಂಜೆಕ್ಷನ್ ಒಂದು ಹನಿ ಬಾಯಿಗೆ ಹಾಕಿ ಅಂತ ಒಬ್ಬರು ನಿಮಗೆ ಹೇಳಿದ್ದಾರೆ, ದಯವಿಟ್ಟು ಹಾಕಬೇಡಿ. ಅದರ ಒಂದು ಎಂ.ಎಲ್.ನಲ್ಲಿ 10 ಮಿಲಿಗ್ರಾಂ ಔಷಧಿ ಇರುತ್ತದೆ. ಹೃದಯದ ಹುಳ ತಡೆಯಲು 20 ಕೆ.ಜಿ. ನಾಯಿಗೆ ತಿಂಗಳಿಗೊಮ್ಮೆ ಬೇಕಾಗುವುದು 0.12 ಮಿಲಿಗ್ರಾಂ ಅಷ್ಟೇ. ಒಂದು ಹನಿಯಲ್ಲೇ ಅದರ ನಾಲ್ಕು ಪಟ್ಟು ಹೋಗಿಬಿಡುತ್ತದೆ. ಕೋಲಿ ತಳಿಯ ನಾಯಿಗಾದರೆ ಡೋಸ್ ಹೆಚ್ಚಾದಾಗ ಜೀವಕ್ಕೇ ಕುತ್ತು.

ಮೊದಲು ಹುಳ ಎಲ್ಲಿದೆ ನೋಡಿ. ಒಬ್ಬರು ತಲೆ ಹಿಡಿದುಕೊಳ್ಳಲಿ, ಇನ್ನೊಬ್ಬರು ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ, ಕೆಳರೆಪ್ಪೆ ಮೆಲ್ಲಗೆ ಎಳೆಯಿರಿ. ಹುಳ ಬಿಳಿಗುಡ್ಡೆಯ ಮೇಲೆ ಜಾರಿ ಮೂಗಿನ ಕಡೆಯ ಮೂಲೆಗೆ, ಅಲ್ಲಿ ನಾಯಿಗಿರುವ ಮೂರನೇ ರೆಪ್ಪೆಯಡಿ (ಒಳರೆಪ್ಪೆ) ನುಸುಳಿದರೆ ಅದು ಮೇಲಿನ ಹುಳ, ಬಹುಶಃ ಥೆಲೇಜಿಯಾ. ಒಂದರಿಂದ ಎರಡು ಸೆಂ.ಮೀ. ಉದ್ದ. ಕರಿಗುಡ್ಡೆಯ ಗಾಜಿನಂಥ ಪೊರೆಯ ಹಿಂದೆ, ನೀರಲ್ಲಿ ಈಜುವಂತೆ ಸುರುಳಿ ಬಿಚ್ಚುತ್ತಿದ್ದರೆ, ಕಣ್ಣು ನೀಲಿ ಮಂಜಾಗಿದ್ದರೆ ಅದು ಒಳಗಿನದು. ಅರ್ಧ ನಿಮಿಷದ ವಿಡಿಯೊ ಮಾಡಿಟ್ಟುಕೊಳ್ಳಿ, ಡಾಕ್ಟರ ಮುಂದೆ ಹೋದಾಗ ಹುಳ ಅಡಗಿರುತ್ತದೆ.

ಮೇಲಿನದಾದರೆ ಡಾಕ್ಟರು ಕಣ್ಣು ಮರಗಟ್ಟಿಸುವ ಪ್ರೊಪಾರಕೇನ್ ಹನಿ ಹಾಕಿ, ಮರಗಟ್ಟಿದ ಮೇಲೆ ಮೂರನೇ ರೆಪ್ಪೆ ಎತ್ತಿ, ಮೊಂಡು ತುದಿಯ ಚಿಮುಟದಿಂದ ಒಂದೊಂದಾಗಿ ತೆಗೆದು ಸಲೈನ್‌ನಲ್ಲಿ ತೊಳೆಯುತ್ತಾರೆ. ಮನೆಯ ಹುಬ್ಬಿನ ಚಿಮುಟದಲ್ಲಿ ಕೈ ಹಾಕಬೇಡಿ, ನಾಯಿ ಒಮ್ಮೆ ಕತ್ತು ಕೊಡವಿದರೆ ಕಣ್ಣೇ ಹೋದೀತು. ತೆಗೆದ ಹುಳವನ್ನು ಸ್ಪಿರಿಟ್ ಹಾಕಿದ ಪುಟ್ಟ ಬಾಟಲಿಯಲ್ಲಿ ಇಡಿಸಿ, ಯಾವ ಜಾತಿ ಅಂತ ಪಕ್ಕಾ ಆಗುತ್ತದೆ. ಇದರ ಮೈ ಗರಗಸದ ಹಾಗೆ ಗೆರೆಗೆರೆ, ಹರಿದಾಡಿದಷ್ಟೂ ಪೊರೆ ಗೀರುತ್ತದೆ. ಆದ್ದರಿಂದ ಗೀರನ್ನು ಹಸಿರಾಗಿ ತೋರಿಸುವ ಫ್ಲೋರೆಸೀನ್ ಬಣ್ಣದ ಪರೀಕ್ಷೆ ಆಗದೆ ಸ್ಟಿರಾಯ್ಡ್ ಹನಿ ಹಾಕಲೇಬಾರದು, ಗೀರು ಹುಣ್ಣಾಗಿ ಪೊರೆ ತೂತು ಬೀಳಬಹುದು. ತೆಗೆದಲ್ಲಿಗೆ ಮುಗಿಯಲಿಲ್ಲ: ಕಣ್ಣೀರಿನ ನಾಳದಲ್ಲಿ ಮರಿಗಳು ಉಳಿದಿರಬಹುದು. ಅವನ್ನು ಸಾಯಿಸುವ ಮಿಲ್ಬೆಮೈಸಿನ್ ಮಾತ್ರೆ, ಕೆ.ಜಿ.ಗೆ 0.5 ಮಿಲಿಗ್ರಾಂ ಲೆಕ್ಕದಲ್ಲಿ, ಒಮ್ಮೆ, ಒಂದು ವಾರ ಬಿಟ್ಟು ಮತ್ತೊಮ್ಮೆ ಬರೆದುಕೊಡುತ್ತಾರೆ. ಅದಕ್ಕೂ ಮುಂಚೆ ರಕ್ತದಲ್ಲಿ ಮೈಕ್ರೊಫೈಲೇರಿಯಾ (ಹೃದಯದ ಹುಳದಂಥವುಗಳ ಸಣ್ಣ ಮರಿಗಳು) ಇದೆಯೇ ಅಂತ ನೋಡಿಸಿ. ಅವು ತುಂಬಾ ಇದ್ದಾಗ ಒಟ್ಟಿಗೆ ಸತ್ತರೆ ನಾಯಿ ಕುಸಿದುಬೀಳಬಹುದು.

ಒಳಗಿನದಾದರೆ ಸಾಮಾನ್ಯವಾಗಿ ಸೊಳ್ಳೆಯಿಂದ ಬಂದ ಡೈರೊಫೈಲೇರಿಯಾ, ಅಂದರೆ ಹೃದಯದ ಹುಳದ ಜಾತಿಯದು. ಮಾತ್ರೆ ಕೊಟ್ಟು ಒಳಗೇ ಸಾಯಿಸಿದರೆ ಊತ ಬಂದು, ಒತ್ತಡ ಏರಿ ದೃಷ್ಟಿ ಹೋಗಬಹುದು. ಅರಿವಳಿಕೆ ಕೊಟ್ಟು, ಪೊರೆಯಂಚಲ್ಲಿ ಸಣ್ಣ ಗಾಯ ಮಾಡಿ ತುಂಡಾಗದಂತೆ ಹೊರತೆಗೆಯಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಕಡೆ ತೋರಿಸಿ. ಅರಿವಳಿಕೆಗೆ ಮುಂಚೆ ಹೃದಯದ ಹುಳದ ಪರೀಕ್ಷೆಯನ್ನೂ ಕೇಳಿ.

ಹೋಗುವವರೆಗೆ ಕತ್ತಿಗೆ ಕೋನ್ ಹಾಕಿ, ಉಜ್ಜಿಕೊಳ್ಳಲು ಬಿಡಬೇಡಿ. ಥೆಲೇಜಿಯಾ ಹರಡುವುದು ಕಣ್ಣೀರು ಹೀರುವ ಗುಂಗುರಿನಂಥ ಹಣ್ಣಿನ ನೊಣ. ನಿಮ್ಮ ಹಿತ್ತಿಲ ಹಲಸಿನ ಮರದ ಕೆಳಗೆ ಕೊಳೆತದ್ದು ಬಿದ್ದಿದ್ದರೆ ಇವತ್ತೇ ಗುಡಿಸಿ ಹಾಕಿ.