ಬೆಂಗಳೂರಿನಲ್ಲಿ ಸೈಕಲ್‌ನಲ್ಲಿ ಹೋಗುವಾಗ ಕಾರು, ಬೈಕಿನವರು ದಬಾಯಿಸಿದರೆ ಏನು ಮಾಡಬೇಕು?

ನೀವು ಬರೆದದ್ದನ್ನು ಓದಿ ಹೊಟ್ಟೆ ಉರಿಯಿತು. ಜೆ.ಪಿ. ನಗರದಿಂದ ಕೋರಮಂಗಲಕ್ಕೆ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗಲು ಶುರು ಮಾಡಿದ್ದೀರಿ. ಹಿಂದಿನಿಂದ ಬಿಡದೆ ಹಾರ್ನ್, ಪಕ್ಕದಲ್ಲಿ ಸವರಿಕೊಂಡು ಹೋಗುವ ಬೈಕುಗಳು. ಮೊನ್ನೆ ಒಬ್ಬ ಕಾರಿನ ಗಾಜು ಇಳಿಸಿ, ‘ಟ್ಯಾಕ್ಸ್ ಕಟ್ಟಲ್ಲ ಏನಿಲ್ಲ, ರೋಡಲ್ಲಿ ಯಾಕೆ ಬರ್ತೀಯ, ಫುಟ್‌ಪಾತ್ ಮೇಲೆ ಹೋಗು’ ಅಂದನಂತೆ. ಮನೆಯಲ್ಲಿ ಸೈಕಲ್ ಬಿಟ್ಟುಬಿಡು ಅನ್ನುತ್ತಿದ್ದಾರೆ. ತಿರುಗಿ ಬೈಯಬೇಕಾ, ಸುಮ್ಮನಿರಬೇಕಾ ಎಂದು ಕೇಳಿದ್ದೀರಿ.

ನಾನೂ ಈ ಊರಿನಲ್ಲಿ ವರ್ಷಗಳಿಂದ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುವವನು. ನಿಮ್ಮ ಪ್ರಶ್ನೆಗೆ ಉತ್ತರ ಹೇಳುವ ಮುಂಚೆ ಒಂದು ಮಾತು. ಹಾರ್ನ್ ಹೊಡೆದು ಬೈಯುವವನು ನಿಮ್ಮನ್ನು ನೋಡಿದ್ದಾನೆ. ನೋಡಿದ್ದಕ್ಕೇ ಬೈಯುತ್ತಿದ್ದಾನೆ. ಭಯ ಪಡಬೇಕಾದ್ದು ನೋಡದೇ ಇರುವವನಿಗೆ. ಫೋನ್ ನೋಡುತ್ತಾ ಬರುವ ಕ್ಯಾಬಿನವನು, ಕನ್ನಡಿ ನೋಡದೆ ಬಾಗಿಲು ತೆಗೆಯುವವನು, ಇಂಡಿಕೇಟರ್ ಹಾಕದೆ ಎಡಕ್ಕೆ ತಿರುಗುವವನು. ಇವರಿಗೆ ನಿಮ್ಮ ಮೇಲೆ ಯಾವ ಸಿಟ್ಟೂ ಇಲ್ಲ. ಬೀಳಿಸುವವರು ಹೆಚ್ಚಾಗಿ ಇವರೇ. ಈ ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ಹಾರ್ನ್ ಕೇಳಿದಾಗ ಎದೆ ಹೊಡೆದುಕೊಳ್ಳುವುದು ಅರ್ಧ ಕಡಿಮೆ ಆಗುತ್ತದೆ.

ಈಗ ಮುಖ್ಯ ವಿಷಯ. ನೀವು ರಸ್ತೆಯ ತೀರಾ ಅಂಚಿನಲ್ಲಿ ಹೋಗುತ್ತಿದ್ದೀರಿ ಎಂದು ನನ್ನ ಅಂದಾಜು. ಹೊಸದಾಗಿ ಶುರು ಮಾಡಿದವರು ಎಲ್ಲರೂ ಹಾಗೇ ಹೋಗುತ್ತಾರೆ. ಬೇರೆಯವರಿಗೆ ಯಾಕೆ ತೊಂದರೆ ಅಂತ ಚರಂಡಿಗೆ ಅಂಟಿಕೊಂಡು ತುಳಿಯುತ್ತಾರೆ. ಆ ಅಂಚನ್ನೇ ಒಂದು ಸಲ ಕಣ್ಣಿಟ್ಟು ನೋಡಿ. ಜಲ್ಲಿಪುಡಿ, ಮರಳು ಎಲ್ಲ ಅಲ್ಲೇ ಬಂದು ಕೂರುತ್ತದೆ. ಮಳೆನೀರಿನ ಜಾಲರಿಯ ಕಂಬಿಗಳು ಕೆಲವು ಕಡೆ ಚಕ್ರದ ದಿಕ್ಕಿಗೇ ಇರುತ್ತವೆ, ಮುಂದಿನ ಚಕ್ರ ಸಿಕ್ಕಿಕೊಂಡರೆ ಮೂತಿ ಮುಂದಾಗಿ ಬೀಳುತ್ತೀರಿ. ಟಾರಿನ ಮೇಲೆ ಟಾರು ಹಾಕಿ ಅಂಚು ಮೆಟ್ಟಿಲಿನ ಹಾಗೆ ಎದ್ದಿರುತ್ತದೆ. ನಿಂತ ಕಾರಿನ ಬಾಗಿಲು ತೆರೆದುಕೊಳ್ಳುವುದೂ ಅಲ್ಲಿಗೇ. ಎಡಗಡೆಯಿಂದ ನುಗ್ಗುವ ಬೈಕುಗಳೂ ಅಲ್ಲೇ ಬರುತ್ತವೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀವು ಅಂಚಿಗೆ ಸರಿದಷ್ಟೂ ಹಿಂದಿನವನಿಗೆ ‘ಇದೇ ಸಾಲಿನಲ್ಲಿ ನಾನೂ ತೂರಬಹುದು’ ಅನ್ನಿಸುತ್ತದೆ. ತೂರಲು ಜಾಗ ಸಾಲದಿದ್ದರೂ ತೂರುತ್ತಾನೆ. ಅಂಚಿನಿಂದ ಸುಮಾರು ಒಂದು ಮೀಟರ್ ಒಳಗೆ ಬನ್ನಿ. ಕಾರುಗಳು ಸಾಲಾಗಿ ನಿಂತಿರುವ ಕಡೆ ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ದೂರ ಇರಿ. ರಸ್ತೆ ಕಿರಿದಾಗಿ, ಕಾರು ಮತ್ತು ಸೈಕಲ್ ಅಕ್ಕಪಕ್ಕ ಹೋಗಲು ಜಾಗವೇ ಇಲ್ಲದಿದ್ದರೆ ನಿಮ್ಮ ಸಾಲಿನ, ಅಂದರೆ ಲೇನಿನ, ಮಧ್ಯದಲ್ಲೇ ಹೋಗಿ. ಆಗ ಹಿಂದಿನವನು ಒಂದೋ ಕಾಯಬೇಕು, ಇಲ್ಲ ಪಕ್ಕದ ಸಾಲಿಗೆ ಹೋಗಿ ಮುಂದೆ ಹೋಗಬೇಕು. ಜಾಗ ಸಿಕ್ಕ ಕೂಡಲೇ ಎಡಕ್ಕೆ ಸರಿದು ಅವನನ್ನು ಬಿಟ್ಟುಬಿಡಿ. ಹೀಗೆ ಮಾಡಿದರೆ ಹಾರ್ನ್ ಜಾಸ್ತಿ ಆಗುತ್ತದೆ, ಸವರಿಕೊಂಡು ಹೋಗುವುದು ಕಡಿಮೆ ಆಗುತ್ತದೆ. ನಾನು ಹಾರ್ನನ್ನೇ ಆರಿಸಿಕೊಳ್ಳುತ್ತೇನೆ.

ಇದು ನಾನು ಕಂಡುಹಿಡಿದ ಸೂತ್ರ ಅಲ್ಲ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ 2022ರಲ್ಲಿ ತಿದ್ದುಪಡಿ ಆದಾಗ, ನಿಧಾನವಾದ ರಸ್ತೆಯಲ್ಲಿ, ಕಿರಿದಾದ ಕಡೆ ಸೈಕಲಿನವರು ಸಾಲಿನ ಮಧ್ಯದಲ್ಲೇ ಹೋಗಿ ಎಂದು ಬರೆಯಿತು. ಗಂಟೆಗೆ 30 ಮೈಲಿಯವರೆಗಿನ ವೇಗದಲ್ಲಿ ಸೈಕಲ್ ದಾಟುವಾಗ ಕನಿಷ್ಠ 1.5 ಮೀಟರ್ ಜಾಗ ಬಿಡಬೇಕು ಎಂದೂ ಹೇಳಿತು. ಜರ್ಮನಿಯಲ್ಲಿ 2020ರಿಂದ ಊರೊಳಗೆ 1.5 ಮೀಟರ್, ಊರಾಚೆ 2 ಮೀಟರ್ ಎನ್ನುವುದು ಕಾನೂನೇ ಆಗಿದೆ. ನಮ್ಮಲ್ಲಿ ಅಷ್ಟು ಜಾಗ ಯಾರು ಬಿಡುತ್ತಾರೆ ಅಂತೀರಾ? ಬಿಡಲ್ಲ. ಆದರೆ ಎಷ್ಟು ಜಾಗ ಸಿಗಬೇಕಿತ್ತು ಅಂತ ಗೊತ್ತಿರಲಿ.

ಸರಿಯುವ ಮುಂಚೆ ತಲೆ ತಿರುಗಿಸಿ ಹಿಂದೆ ನೋಡಿ, ಕೈ ತೋರಿಸಿ. ಹೆಲ್ಮೆಟ್, ಲೈಟು, ಜಾಕೆಟ್ಟು ಎಲ್ಲ ಇರಲಿ, ಆದರೆ ಹಿಂದಿರುಗಿ ನೋಡುವ ಮುಖಕ್ಕೆ ಇರುವ ಬಲ ಬೇರೆ ಯಾವುದಕ್ಕೂ ಇಲ್ಲ. ಬೆನ್ನು ಕಂಡರೆ ಅವನಿಗೆ ಅಡ್ಡ ಬಂದ ಸೈಕಲ್ ಕಾಣುತ್ತದೆ. ಮುಖ ಕಂಡರೆ ಮನುಷ್ಯ ಕಾಣುತ್ತಾನೆ. ವೇಗ ತಗ್ಗಿಸುವುದನ್ನು ನನ್ನ ಕಣ್ಣಾರೆ ನೋಡುತ್ತಿರುತ್ತೇನೆ. ಜಾಗ ಬಿಟ್ಟವರಿಗೆ ಕೈ ಎತ್ತಿ ಥ್ಯಾಂಕ್ಸ್ ಹೇಳಿ. ಮುಂದಿನ ಸೈಕಲಿನವನಿಗೂ ಅವರು ಬಿಡುತ್ತಾರೆ.

ಬಸ್ಸಿನ ವಿಷಯದಲ್ಲಿ ಮಾತ್ರ ಹಠ ಬೇಡ. ಬಸ್ಸಿನ ಎಡಗಡೆಗೆ ಯಾವತ್ತೂ ನುಗ್ಗಬೇಡಿ. ಡ್ರೈವರಿಗೆ ಅಲ್ಲಿ ನೀವು ಕಾಣುವುದಿಲ್ಲ, ಸ್ಟಾಪು ಬಂದರೆ ಅವರು ಎಡಕ್ಕೆ ಎಳೆಯಲೇಬೇಕು. ಲಾರಿ, ನೀರಿನ ಟ್ಯಾಂಕರ್, ಕಾಂಕ್ರೀಟ್ ಮಿಕ್ಸರ್‌ಗಳಿಗೂ ಇದೇ ಮಾತು. ಹಿಂದೆ ನಿಂತು ಕಾಯಿರಿ.

ತಿರುಗಿ ಬೈಯಬೇಕಾ ಎಂದು ಕೇಳಿದಿರಲ್ಲ, ಒಂದು ಪ್ರಸಂಗ ಹೇಳುತ್ತೇನೆ. ಒಂದು ಸಂಜೆ ಮಡಿವಾಳದ ಕಡೆಯಿಂದ ಹೊಸೂರು ರಸ್ತೆಯಲ್ಲಿ ಬರುತ್ತಿದ್ದೆ. ಹಿಂದೆ ತರಕಾರಿ ಕ್ರೇಟು ತುಂಬಿದ ಗೂಡ್ಸ್ ಆಟೋ, ಒಂದೇ ಸಮನೆ ಹಾರ್ನ್. ಎಡಕ್ಕೆ ನಿಂತ ಗಾಡಿಗಳು, ಬಲಕ್ಕೆ ಬಸ್ಸು. ನಾನು ನನ್ನ ಸಾಲಿನಲ್ಲೇ ಹೋದೆ. ಬಸ್ಸು ಮುಂದಾದ ಕೂಡಲೇ ಆಟೋ ಪಕ್ಕಕ್ಕೆ ನುಗ್ಗಿತು. ಅದರ ಕನ್ನಡಿ ನನ್ನ ಮೊಣಕೈಗೆ ಬಡಿಯಿತು. ಕ್ರೇಟಿಗೆ ಬಿಗಿದ ನೀಲಿ ಹಗ್ಗದ ತುದಿ ಹ್ಯಾಂಡಲ್ ಮೇಲೆ ಸರ‍್ರನೆ ಎಳೆದುಕೊಂಡು ಹೋಯಿತು. ಆ ಹಗ್ಗ ಬ್ರೇಕಿನ ಲಿವರ್‌ಗೆ ಸುತ್ತಿಕೊಂಡಿದ್ದರೆ ನಾನು ಚಕ್ರದ ಕೆಳಗೆ ಇರುತ್ತಿದ್ದೆ.

ಮುಂದಿನ ಸಿಗ್ನಲ್ ಕೆಂಪು. ಆಟೋ ನಿಂತಿತ್ತು. ಮೈಯೆಲ್ಲ ನಡುಗುತ್ತಿತ್ತು, ಬಾಯಿಗೆ ಏನೇನೋ ಬರುತ್ತಿತ್ತು. ಅವನ ಕಿಟಕಿಯ ಪಕ್ಕ ನಿಂತು ಇಷ್ಟೇ ಹೇಳಿದೆ: ‘ಅಣ್ಣ, ನಿಮ್ಮ ಕನ್ನಡಿ ನನ್ನ ಕೈಗೆ ಹೊಡೀತು.’ ಮೊಣಕೈ ತೋರಿಸಿದೆ. ಅವನು ಮೊದಲು ನನ್ನ ಕೈ ನೋಡಿದ, ಆಮೇಲೆ ಕನ್ನಡಿ ನೋಡಿದ. ‘ಗೊತ್ತಾಗ್ಲಿಲ್ಲ ಗುರು, ಬೆಳಗಿನ ಜಾವದಿಂದ ಓಡಿಸ್ತಾ ಇದೀನಿ’ ಅಂದ. ಕೈ ಹೊರಗೆ ಹಾಕಿ ಕನ್ನಡಿ ಒಳಗೆ ಮಡಚಿದ. ಹಗ್ಗದ ತುದಿಯನ್ನು ನಾನು ತೋರಿಸಿದ ಮೇಲೆ ಇಳಿದು ಬಂದು ಕ್ರೇಟಿನ ಕೆಳಗೆ ಸಿಕ್ಕಿಸಿದ. ನಾನು ಅವನಿಗೆ ಚೆನ್ನಾಗಿಯೇ ಕಾಣುತ್ತಿದ್ದೆ. ತನ್ನ ಗಾಡಿ ಎಷ್ಟು ಅಗಲ ಅನ್ನುವ ಅಂದಾಜು ದಣಿವಿನಲ್ಲಿ ತಪ್ಪಿತ್ತು. ಬೈದಿದ್ದರೆ ಆ ಹಗ್ಗ ಹಾಗೇ ನೇತಾಡಿಕೊಂಡು ಹೋಗುತ್ತಿತ್ತು.

ಎಲ್ಲರ ಹತ್ತಿರವೂ ಹೀಗೆ ಮಾತಾಡಿ ಅನ್ನುತ್ತಿಲ್ಲ. ಗಾಡಿ ನಿಂತಿರಬೇಕು, ಸುತ್ತ ಜನ ಇರಬೇಕು, ಅವನ ಕಣ್ಣಲ್ಲಿ ಜಗಳ ಇರಬಾರದು. ಆಗ ಒಂದೇ ವಾಕ್ಯ, ಏನಾಯಿತೋ ಅಷ್ಟು ಮಾತ್ರ. ‘ಕಣ್ಣು ಕಾಣಲ್ವಾ’ ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. ಬೇಕೆಂದೇ ಅಡ್ಡ ಹಾಕುವವನು, ಮುಂದೆ ಬಂದು ಬ್ರೇಕ್ ಹಾಕಿ ಹೆದರಿಸುವವನು, ಗಾಡಿಯಿಂದ ಇಳಿದು ಬರುವವನು ಬೇರೆ ಜಾತಿ. ಅಂಥವನ ಹತ್ತಿರ ಒಂದು ಮಾತೂ ಬೇಡ. ಅವನ ಕೈಯಲ್ಲಿ ಒಂದು ಟನ್ನಿನ ಗಾಡಿ ಇದೆ. ನಿಂತುಬಿಡಿ, ಅವನು ಮುಂದೆ ಹೋಗಲಿ. ಅಂಗಡಿಯ ಮುಂದೆ, ಪೆಟ್ರೋಲ್ ಬಂಕಿನಲ್ಲಿ, ಜನ ಇರುವ ಕಡೆ ಸರಿಯಿರಿ. ಹಿಂಬಾಲಿಸಿದರೆ 112ಕ್ಕೆ ಫೋನ್ ಮಾಡಿ, ನೇರ ಮನೆಗೆ ಹೋಗಬೇಡಿ. ಸೈಕಲ್ ತುಳಿಯುವ ಹೆಣ್ಣುಮಕ್ಕಳಿಗೆ ಈ ಕಾಟ ನಮಗಿಂತ ಎಷ್ಟೋ ಪಾಲು ಜಾಸ್ತಿ. ಹಿಂಬಾಲಿಸುವುದು ಮತ್ತು ಅಸಹ್ಯವಾಗಿ ಮಾತಾಡುವುದು ಭಾರತೀಯ ನ್ಯಾಯ ಸಂಹಿತೆಯ 78 ಮತ್ತು 79ನೇ ಸೆಕ್ಷನ್‌ಗಳಲ್ಲಿ ಅಪರಾಧ. ‘ಚುಡಾಯಿಸಿದ ಅಷ್ಟೇ’ ಎಂದು ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡಿ.

ಟ್ಯಾಕ್ಸ್ ವಿಷಯಕ್ಕೆ ಬರೋಣ. ಸೈಕಲ್ ಮೋಟಾರು ವಾಹನ ಅಲ್ಲ, ಹಾಗಾಗಿ ಅದಕ್ಕೆ ವಾಹನ ತೆರಿಗೆ, ನೋಂದಣಿ, ಲೈಸೆನ್ಸ್ ಯಾವುದೂ ಬೇಕಿಲ್ಲ. ಊರೊಳಗಿನ ರಸ್ತೆ ಪಾಲಿಕೆಯದು. ಅದಕ್ಕೆ ಹೋಗುವ ದುಡ್ಡಿನಲ್ಲಿ ಆಸ್ತಿ ತೆರಿಗೆಯೂ ಇದೆ, ಸರ್ಕಾರದ ಅನುದಾನವೂ ಇದೆ. ಬಾಡಿಗೆಯ ಮನೆಯಲ್ಲಿದ್ದರೂ ನೀವು ಕಟ್ಟುವ ಬಾಡಿಗೆಯಲ್ಲೇ ಓನರ್ ಆ ತೆರಿಗೆ ಕಟ್ಟುವುದು. ಸೋಪು ಕೊಂಡರೂ ಜಿಎಸ್‌ಟಿ ಕಟ್ಟುತ್ತೀರಿ. ಇದನ್ನೆಲ್ಲ ಸಿಗ್ನಲ್‌ನಲ್ಲಿ ವಾದ ಮಾಡಲು ಹೇಳುತ್ತಿಲ್ಲ. ನಿಮಗೇ ಒಳಗೊಳಗೆ ‘ಅವನು ಹೇಳಿದ್ದು ನಿಜವೇನೋ’ ಅನ್ನಿಸಿರಬಹುದು ಅಂತ ಹೇಳಿದೆ. ನಿಜ ಅಲ್ಲ. ಫುಟ್‌ಪಾತ್ ನಡೆಯುವವರದ್ದು. ಅಜ್ಜಿಯರು ನಡೆಯುವ ಜಾಗಕ್ಕೆ ನಾವು ಹತ್ತಿದರೆ, ಕಾರಿನವನು ನಮಗೆ ಮಾಡಿದ್ದನ್ನೇ ನಾವು ಅವರಿಗೆ ಮಾಡಿದಂತೆ.

ನಿಯಮವೂ ನಿಮ್ಮ ಕಡೆ ಇದೆ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಗೆ, ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿವರೆಗೆ ದಂಡ ಅಥವಾ ಜೈಲು ಹೇಳುತ್ತದೆ. ಗಾಡಿ ಓಡಿಸುತ್ತಾ ಕೈಯಲ್ಲಿ ಫೋನ್ ಹಿಡಿಯುವುದೂ ಅದರೊಳಗೇ ಬರುತ್ತದೆ. ಸುಮ್ಮಸುಮ್ಮನೆ ಹಾರ್ನ್ ಹೊಡೆಯುವುದಕ್ಕೂ 2019ರ ತಿದ್ದುಪಡಿಯಲ್ಲಿ 194-ಎಫ್ ಎಂಬ ಸೆಕ್ಷನ್ ಬಂತು, ಮೊದಲ ಸಲ 1,000 ರೂಪಾಯಿ ದಂಡ. ಕಾಗದದ ಮೇಲೆ ಇರುವುದು ರಸ್ತೆಗೆ ಇಳಿಯಬೇಕಾದರೆ ಸಾಕ್ಷಿ ಬೇಕು. ಒಮ್ಮೆ ಒಂದು ಠಾಣೆಗೆ ಹೋಗಿ, ಕಾರಿನವನೊಬ್ಬ ಬೇಕೆಂದೇ ಒತ್ತರಿಸಿದ ಎಂದಾಗ, ‘ಏನೂ ಆಗಿಲ್ವಲ್ಲ ಸಾರ್, ಬಿಡಿ’ ಅಂದರು. ಏನಾದರೂ ಆಗುವವರೆಗೆ ಕಾಯಬೇಕಾ? ಈಗ ಹ್ಯಾಂಡಲ್ ಮೇಲೆ ಸಣ್ಣ ಕ್ಯಾಮೆರಾ ಇಟ್ಟಿದ್ದೇನೆ. ನಂಬರ್ ಪ್ಲೇಟು, ಜಾಗ, ಸಮಯ ಕಾಣುವ ತುಣುಕಿದ್ದರೆ ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲಿ ಹಾಕಬಹುದು. ಕ್ಯಾಮೆರಾ ಇಲ್ಲದಿದ್ದರೆ ನಂಬರನ್ನು ಜೋರಾಗಿ ಹೇಳಿಕೊಳ್ಳಿ, ನಿಂತ ಮೇಲೆ ಫೋನಿನಲ್ಲಿ ಬರೆದಿಡಿ.

ಅಕಸ್ಮಾತ್ ಗುದ್ದಿದರೆ ರಸ್ತೆಯಲ್ಲೇ ಐನೂರು ರೂಪಾಯಿ ಇಸಿದುಕೊಂಡು ರಾಜಿ ಆಗಬೇಡಿ. ನೋವು ಮಾರನೇ ದಿನ ಗೊತ್ತಾಗುತ್ತದೆ. ಗಾಡಿಯವನು ನಿಮ್ಮನ್ನು ಆಸ್ಪತ್ರೆಗೆ ಸೇರಿಸಲು, ಪೊಲೀಸರಿಗೆ ತಿಳಿಸಲು ಕಾನೂನಿನ ಪ್ರಕಾರ ಬದ್ಧ. ಅವನ ಥರ್ಡ್ ಪಾರ್ಟಿ ವಿಮೆ ಇರುವುದೇ ನಿಮ್ಮಂಥವರಿಗೆ. ಗುದ್ದಿ ಓಡಿಹೋದರೂ, ಗಾಡಿ ಯಾವುದೆಂದು ಗೊತ್ತಾಗದಿದ್ದರೂ, ಕೇಂದ್ರ ಸರ್ಕಾರದ 2022ರ ಯೋಜನೆಯಲ್ಲಿ ಗಂಭೀರ ಗಾಯಕ್ಕೆ 50,000 ರೂಪಾಯಿ ಪರಿಹಾರ ಇದೆ.

ನಮ್ಮ ಊರಿನಲ್ಲಿ ಸೈಕಲ್ ದಾರಿ ಮಾಡಲು ನೋಡಿಲ್ಲ ಅಂತಲ್ಲ. ಜಯನಗರದಲ್ಲಿ ಮಾಡಿದರು, ಅದರ ಮೇಲೆ ಕಾರು ನಿಂತವು. 2020ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ಹೊರ ವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ದಾರಿ ಬಿಡಿಸಿತು. ಗೂಟಗಳನ್ನು ಗಾಡಿಗಳು ಉರುಳಿಸಿದವು, ಬೈಕುಗಳು ಅದರಲ್ಲೇ ನುಗ್ಗಿದವು. ಬಣ್ಣ ಬಳಿದರೆ, ಪ್ಲಾಸ್ಟಿಕ್ ಗೂಟ ನೆಟ್ಟರೆ ಆಗುವ ಕೆಲಸ ಅಲ್ಲ ಇದು. ಕಲ್ಲಿನ ಕಟ್ಟೆ ಬೇಕು, ದಂಡ ಹಾಕುವವರು ಬೇಕು. ಇದನ್ನು ಕೇಳುತ್ತಲೇ ಇರಬೇಕು. ಯಾಕೆಂದರೆ ಇದು ನಿಮ್ಮ, ನನ್ನ ಹವ್ಯಾಸದ ಮಾತಲ್ಲ. ಬೆಳಿಗ್ಗೆ ಪೇಪರ್ ಹಾಕುವ ಹುಡುಗರು, ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯುರಿಟಿಯವರು, ಕರಣೆ, ಬಾಂಡ್ಲಿ ಕಟ್ಟಿಕೊಂಡು ಹೋಗುವ ಗಾರೆ ಕೆಲಸದವರು ಲೈಟಿಲ್ಲದ ಹಳೇ ಸೈಕಲ್‌ನಲ್ಲಿ ಇದೇ ರಸ್ತೆಯಲ್ಲಿ ಇದ್ದಾರೆ. ಅವರಿಗೆ ಕ್ಯಾಮೆರಾ ಇಲ್ಲ, ಆ್ಯಪ್ ಇಲ್ಲ. ಬೈದರೆ ಬೈಸಿಕೊಂಡು ಹೋಗುತ್ತಾರೆ. ನನಗೆ ನಿಜವಾದ ಸಿಟ್ಟು ಬರುವುದು ಇಲ್ಲಿ.

ಕೊನೆಯದಾಗಿ ನಿಮ್ಮ ದಾರಿ. ಮ್ಯಾಪು ತೋರಿಸುವ ದೊಡ್ಡ ರಸ್ತೆ ಕಾರಿನವರಿಗೆ ಸರಿ. ನೀವು ಬನ್ನೇರುಘಟ್ಟ ರಸ್ತೆಯನ್ನು ಸಿಗ್ನಲ್‌ನಲ್ಲಿ ದಾಟಿ ಬಿಟಿಎಂ ಲೇಔಟಿನ ಒಳರಸ್ತೆಗಳನ್ನು ಹಿಡಿಯಿರಿ, ತಾವರೆಕೆರೆ ಕಡೆಯಿಂದ ಹೋಗಿ ಹೊಸೂರು ರಸ್ತೆ ದಾಟಿದರೆ ಕೋರಮಂಗಲ. ಸ್ವಲ್ಪ ಸುತ್ತು, ಹಂಪುಗಳು ಜಾಸ್ತಿ. ಆ ಹಂಪುಗಳಿಂದಲೇ ಅಲ್ಲಿ ಯಾರೂ ಜೋರಾಗಿ ಓಡಿಸಲು ಆಗುವುದಿಲ್ಲ. ಹೊಸೂರು ರಸ್ತೆ ದಾಟುವ ಕಡೆ ಭಯ ಅನ್ನಿಸಿದರೆ ಇಳಿದು, ನಡೆಯುವವರ ಜೊತೆ ಸೈಕಲ್ ತಳ್ಳಿಕೊಂಡು ದಾಟಿ. ಭಾನುವಾರ ಬೆಳಿಗ್ಗೆ ಒಂದು ಸಲ ಈ ದಾರಿಯಲ್ಲಿ ಹೋಗಿ ನೋಡಿ, ಸಾಧ್ಯವಾದರೆ ಮನೆಯವರನ್ನು ಸ್ಕೂಟರಿನಲ್ಲಿ ಹಿಂದೆ ಬರಲು ಹೇಳಿ. ಅವರ ಕಣ್ಣ ಮುಂದಿರುವುದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕು, ಈ ಒಳರಸ್ತೆಗಳಲ್ಲ. ನಿಮ್ಮ ಆಫೀಸು ಯಾವ ಬ್ಲಾಕಿನಲ್ಲಿ, ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತೀರಿ ಎಂದು ಬರೆಯಿರಿ, ತಿರುವು ತಿರುವಾಗಿ ದಾರಿ ಹೇಳುತ್ತೇನೆ.