ಓದುಗರ ಪ್ರಶ್ನೆ: ಆಫ್ರಿಕಾದ ಭಾಷೆಗಳು, ಧರ್ಮಗಳು ಮತ್ತು ಸಂಸ್ಕೃತಿ

ಪ್ರಶ್ನೆ: ಆಫ್ರಿಕಾ ಖಂಡದಲ್ಲಿ ಸುಮಾರು 2,000 ಭಾಷೆಗಳಿವೆ ಎಂದು ಓದಿದ್ದೇನೆ. ಆದರೆ ಅಲ್ಲಿನ ಬಹುಪಾಲು ಜನರು ಇಸ್ಲಾಂ ಅಥವಾ ಕ್ರೈಸ್ತ ಧರ್ಮಕ್ಕೆ ಸೇರಿದವರು. ಎರಡೂ ಹೊರಗಿನಿಂದ ಬಂದ ಧರ್ಮಗಳು. ಹಾಗಿದ್ದರೆ ಆ ಖಂಡದ ಸಂಸ್ಕೃತಿಯನ್ನು ರೂಪಿಸಿದ್ದು ಅಲ್ಲಿನ ಭಾಷೆಗಳೇ, ಹೊರಗಿನ ಧರ್ಮಗಳೇ?

ಉತ್ತರ: ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಉತ್ತರ ಸಿಗುವುದಿಲ್ಲ. ಧರ್ಮವೊಂದು ಯಾವ ಭಾಷೆಯಲ್ಲಿ ಪ್ರಾರ್ಥಿಸಿತು, ಯಾವ ಲಿಪಿಯಲ್ಲಿ ಬರೆಯಿತು, ಯಾರಿಗೆ ಓದು ಕಲಿಸಿತು ಎಂಬುದನ್ನು ಗಮನಿಸಿದಾಗ ಮಾತ್ರ ಆಫ್ರಿಕಾದ ಸಂಸ್ಕೃತಿ ಅರ್ಥವಾಗುತ್ತದೆ.

'ಹೊರಗಿನ ಧರ್ಮ' ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. ಇಥಿಯೋಪಿಯಾದ ಅಕ್ಸುಮ್ ರಾಜ್ಯದ ದೊರೆ ಎಜಾನಾ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ್ದು 4ನೆಯ ಶತಮಾನದಲ್ಲಿ. ಉತ್ತರ ಯೂರೋಪಿನ ಬಹುಭಾಗ ಆ ಧರ್ಮವನ್ನು ಅರಿಯುವುದಕ್ಕಿಂತ ಎಷ್ಟೋ ಮೊದಲು. ಅಲ್ಲಿನ ಚರ್ಚು ಗೀಜ್ ಭಾಷೆಯಲ್ಲಿ ನೆಲೆ ನಿಂತಿತು. ಜನರ ಮಾತಿನಿಂದ ಗೀಜ್ ಮರೆಯಾಗಿ ಶತಮಾನಗಳೇ ಕಳೆದಿದ್ದರೂ ಪೂಜಾವಿಧಿ ಇಂದಿಗೂ ಅದರಲ್ಲೇ ನಡೆಯುತ್ತದೆ, ಅದರ ಲಿಪಿಯಲ್ಲೇ ಅಮ್ಹಾರಿಕ್ ಮತ್ತು ತಿಗ್ರಿನ್ಯಾ ಭಾಷೆಗಳ ಪತ್ರಿಕೆಗಳು ಅಚ್ಚಾಗುತ್ತವೆ. 13 ತಿಂಗಳ ಪಂಚಾಂಗವೂ, ವರ್ಷದ ಹೆಚ್ಚುಕಡಿಮೆ ಅರ್ಧ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆಗಳನ್ನು ಮುಟ್ಟದಿರುವ ಉಪವಾಸವೂ ಈ ಚರ್ಚಿನವೇ. 20ನೆಯ ಶತಮಾನದ ಮಧ್ಯಭಾಗದವರೆಗೆ ಅದರ ಮುಖ್ಯಸ್ಥರು ಈಜಿಪ್ಟಿನಿಂದ ಬರುತ್ತಿದ್ದರು ನಿಜ. ಆದರೆ ಇಷ್ಟು ಆಳವಾಗಿ ಬೇರೂರಿದ ಧರ್ಮವನ್ನು ಪರದೇಶದ್ದು ಎನ್ನುವುದು ನ್ಯಾಯವಲ್ಲ.

ಉತ್ತರದ ಈಜಿಪ್ಟಿನಲ್ಲಿ ನಡೆದದ್ದು ಬೇರೆ. 7ನೆಯ ಶತಮಾನದಲ್ಲಿ ಅರಬರ ಆಳ್ವಿಕೆ ಬಂದ ಮೇಲೆ ಪ್ರಾಚೀನ ಈಜಿಪ್ಷಿಯನ್ ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್ ಕ್ರಮೇಣ ಚರ್ಚಿನೊಳಗಷ್ಟೇ ಉಳಿಯಿತು, ಮನೆಮಾತು ಅರಬ್ಬಿಯಾಯಿತು. ಕಾಪ್ಟಿಕ್ ಕ್ರೈಸ್ತರು ಧರ್ಮವನ್ನು ಉಳಿಸಿಕೊಂಡರು, ಭಾಷೆಯನ್ನು ಕಳೆದುಕೊಂಡರು. ಇನ್ನೂ ಪಶ್ಚಿಮಕ್ಕೆ, ಮೊರಾಕೊ ಮತ್ತು ಅಲ್ಜೀರಿಯಾಗಳ ಬೆರ್ಬರ್ ಜನ ಇಸ್ಲಾಮನ್ನು ಒಪ್ಪಿಕೊಂಡು ಭಾಷೆಯನ್ನು ಬಿಡಲಿಲ್ಲ. ಆ ಭಾಷೆಗೆ ಮೊರಾಕೊದಲ್ಲಿ 2011ರಲ್ಲಿ, ಅಲ್ಜೀರಿಯಾದಲ್ಲಿ 2016ರಲ್ಲಿ ಅಧಿಕೃತ ಸ್ಥಾನ ದೊರೆಯಿತು.

ನನಗೆ ಎಲ್ಲಕ್ಕಿಂತ ಅರ್ಥಪೂರ್ಣವಾಗಿ ಕಾಣುವ ನಿದರ್ಶನ ಇಂದಿನ ಉತ್ತರ ನೈಜೀರಿಯಾದ ನಾನಾ ಅಸ್ಮಾವು (1793–1864) ಅವರದು. ಸೊಕೊಟೊ ಸಾಮ್ರಾಜ್ಯವನ್ನು ಕಟ್ಟಿದ ಧರ್ಮಗುರು ಉಸ್ಮಾನ್ ದಾನ್ ಫೋದಿಯೊ ಅವರ ಮಗಳಾದ ಈಕೆ ಅರಬ್ಬಿಯನ್ನು ಚೆನ್ನಾಗಿ ಬಲ್ಲ ವಿದುಷಿ. ಆದರೂ ಹಳ್ಳಿಯ ಹೆಂಗಸರಿಗೆ ಧರ್ಮವನ್ನು ತಿಳಿಸಲು ಹೌಸಾ ಮತ್ತು ಫುಲಾನಿ ಭಾಷೆಗಳಲ್ಲಿ ಪದ್ಯಗಳನ್ನು ರಚಿಸಿ, ಅರಬ್ಬಿ ಲಿಪಿಯಲ್ಲಿ ಬರೆದರು. ಹಳ್ಳಿಗಳಿಂದ ಬಂದ ಹೆಂಗಸರು ಅವನ್ನು ಬಾಯಿಪಾಠ ಮಾಡಿಕೊಂಡು ಹಿಂದಿರುಗಿ, ತಮ್ಮ ಊರಿನ ಇತರರಿಗೆ ಕಲಿಸುತ್ತಿದ್ದರು. ಈ ಗುಂಪುಗಳ ನಾಯಕಿಯರಿಗೆ ಅಸ್ಮಾವು ಹುಲ್ಲಿನಿಂದ ಹೆಣೆದ ದೊಡ್ಡ ಟೋಪಿಯನ್ನು ಗೌರವದ ಗುರುತಾಗಿ ಕೊಡುತ್ತಿದ್ದರು. ಅಂಥ ಟೋಪಿ ಅದಕ್ಕೂ ಮೊದಲು ಬೋರಿ ಎಂಬ ಸ್ಥಳೀಯ ದೈವಾರಾಧನೆಯ ಹಿರಿಯಳ ಲಾಂಛನವಾಗಿತ್ತು. ಹೊಸ ಧರ್ಮವು ಊರಿನ ಮಾತನ್ನೂ ಊರಿನ ಹಳೆಯ ಗೌರವವನ್ನೂ ತನ್ನದಾಗಿಸಿಕೊಂಡ ಬಗೆಯನ್ನು ಈ ಒಂದು ಟೋಪಿಯಲ್ಲೇ ಕಾಣಬಹುದು.

ಅದೇ ನೈಜೀರಿಯಾದ ದಕ್ಷಿಣದಲ್ಲಿ ಈ ಕೆಲಸವನ್ನು ಬೈಬಲ್ ಮಾಡಿತು. ಬಾಲ್ಯದಲ್ಲಿ ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕಿ, ಹಡಗಿನಿಂದ ಬಿಡುಗಡೆ ಹೊಂದಿ, ಸಿಯೆರಾ ಲಿಯೋನ್‌ನಲ್ಲಿ ಓದಿ, 1864ರಲ್ಲಿ ಆಂಗ್ಲಿಕನ್ ಚರ್ಚಿನ ಮೊದಲ ಆಫ್ರಿಕನ್ ಬಿಷಪ್ ಆದ ಸಾಮ್ಯುಯೆಲ್ ಅಜಾಯಿ ಕ್ರೌಥರ್ ಯೊರುಬಾ ಭಾಷೆಯ ಪದಕೋಶವನ್ನು ರಚಿಸಿದರು, ಬೈಬಲ್ ಅನುವಾದವನ್ನು ಮುನ್ನಡೆಸಿದರು. ಅಲ್ಲಿಯವರೆಗೆ ಒಯೊ, ಎಗ್ಬಾ, ಇಜೆಬು ಎಂದು ಬೇರೆ ಬೇರೆಯಾಗಿ ಗುರುತಿಸಿಕೊಳ್ಳುತ್ತಿದ್ದ ಜನರು ತಾವೆಲ್ಲ ಯೊರುಬಾ ಎಂದು ಹೇಳಿಕೊಳ್ಳಲು ಈ ಬರಹದ ಭಾಷೆ ಬಹುಮಟ್ಟಿಗೆ ಕಾರಣವಾಯಿತು. ಇಂದು ಒಂದೇ ಯೊರುಬಾ ಕುಟುಂಬದಲ್ಲಿ ಮುಸ್ಲಿಮರೂ ಕ್ರೈಸ್ತರೂ ಇರುವುದು ಸಾಮಾನ್ಯ ಸಂಗತಿ.

ಪ್ರಶ್ನೆ: ಇಷ್ಟೊಂದು ಭಾಷೆ, ಧರ್ಮಗಳಿರುವುದೇ ಆಫ್ರಿಕಾದ ಕಲಹಗಳಿಗೆ ಮೂಲವಲ್ಲವೇ?

ಉತ್ತರ: ಈ ನಂಬಿಕೆ ಬಹಳ ವ್ಯಾಪಕವಾಗಿದೆ, ಆದರೆ ಇತಿಹಾಸ ಇದನ್ನು ಸಮರ್ಥಿಸುವುದಿಲ್ಲ. ರುವಾಂಡಾದ ಹುಟು ಮತ್ತು ತುತ್ಸಿ ಎಂಬ ಎರಡು ಸಮುದಾಯಗಳು ಆಡುತ್ತಿದ್ದುದು ಒಂದೇ ಭಾಷೆ, ಕಿನ್ಯರುವಾಂಡಾ. ಬಹುಪಾಲು ಜನರು ಹೋಗುತ್ತಿದ್ದುದು ಒಂದೇ ಕ್ಯಾಥೊಲಿಕ್ ಚರ್ಚಿಗೆ. ಅವರನ್ನು ಗಟ್ಟಿಯಾಗಿ ವಿಂಗಡಿಸಿದ್ದು 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಜಾರಿಗೆ ತಂದ, ಜನಾಂಗವನ್ನು ನಮೂದಿಸಿದ ಗುರುತಿನ ಚೀಟಿ. 1994ರಲ್ಲಿ ತುತ್ಸಿಗಳ ನರಮೇಧ ನಡೆದಾಗ ರೇಡಿಯೊ ದ್ವೇಷವನ್ನು ಹರಡಿದ್ದೂ ಎಲ್ಲರಿಗೂ ಅರ್ಥವಾಗುವ ಆ ಮಾತೃಭಾಷೆಯಲ್ಲೇ. ನ್ಯಮಾಟಾ, ನ್ತರಾಮಾ ಊರುಗಳಲ್ಲಿ ಆಶ್ರಯಕ್ಕೆಂದು ಚರ್ಚಿನೊಳಗೆ ಸೇರಿದ್ದ ಜನರನ್ನು ಅಲ್ಲಿಯೇ ಕೊಲ್ಲಲಾಯಿತು. ಸೊಮಾಲಿಯಾದಲ್ಲೂ ಬಹುತೇಕ ಎಲ್ಲರೂ ಸೊಮಾಲಿ ಮಾತನಾಡುವ ಸುನ್ನಿ ಮುಸ್ಲಿಮರೇ. ಆದರೂ 1991ರಲ್ಲಿ ಆ ರಾಜ್ಯವ್ಯವಸ್ಥೆ ಕುಸಿದು, ಕುಲಗಳ ನಡುವೆ ಅಂತರ್ಯುದ್ಧ ನಡೆಯಿತು.

ಇದಕ್ಕೆದುರಾಗಿ ತಾಂಜಾನಿಯಾವನ್ನು ನೋಡಿ. ಅಲ್ಲಿ 100ಕ್ಕೂ ಹೆಚ್ಚು ಭಾಷೆಗಳಿವೆ, ಮುಸ್ಲಿಮರೂ ಕ್ರೈಸ್ತರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರನ್ನು ಬೆಸೆದ ಸ್ವಾಹಿಲಿ ಭಾಷೆಯ ಹುಟ್ಟು ಆಫ್ರಿಕಾದ್ದೇ ಆದ ಬಾಂಟು ಭಾಷಾಕುಟುಂಬದಲ್ಲಿ. ಅದು ಬೆಳೆದದ್ದು ಪೂರ್ವ ಕರಾವಳಿಯ ಕಿಲ್ವಾ, ಮೊಂಬಾಸಾ, ಜಾಂಜಿಬಾರ್‌ಗಳ ಮುಸ್ಲಿಂ ವರ್ತಕರ ನಡುವೆ, ಅರಬ್ಬಿ ಪದಗಳನ್ನು ಧಾರಾಳವಾಗಿ ತೆಗೆದುಕೊಂಡು. ಅರಬ್ಬಿ ಲಿಪಿಯಲ್ಲಿದ್ದ ಅದನ್ನು 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ರೋಮನ್ ಲಿಪಿಯಲ್ಲಿ ಬರೆಯತೊಡಗಿದರು. ಕ್ಯಾಥೊಲಿಕರಾಗಿದ್ದ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಈ ಭಾಷೆಯನ್ನು ರಾಷ್ಟ್ರಕ್ಕೇ ಸಾಮಾನ್ಯವಾದ ಭಾಷೆಯನ್ನಾಗಿ ಮಾಡಿದರು. ಪ್ರಾಥಮಿಕ ಶಾಲೆಯ ಮಾಧ್ಯಮವೂ ಅದೇ ಆಯಿತು. ಯಾವ ದೊಡ್ಡ ಬುಡಕಟ್ಟಿಗೂ ಅದು ಸ್ವಂತದ್ದಾಗಿರಲಿಲ್ಲವಾದ್ದರಿಂದ ಒಬ್ಬರ ಮೇಲೊಬ್ಬರು ಹೇರಿದಂತಾಗಲಿಲ್ಲ. ಕಾಲವನ್ನೂ ಜನರು ಆ ಭಾಷೆಯ ಕ್ರಮದಲ್ಲೇ ಎಣಿಸುತ್ತಾರೆ: ದಿನದ ಎಣಿಕೆ ಸೂರ್ಯೋದಯದಿಂದ ಶುರುವಾಗುವುದರಿಂದ ಬೆಳಗಿನ ಏಳು ಗಂಟೆ ಅಲ್ಲಿ ಒಂದು ಗಂಟೆ, ಮಸೀದಿಗೆ ಹೋಗುವವರಿಗೂ ಚರ್ಚಿಗೆ ಹೋಗುವವರಿಗೂ.

ಎಲ್ಲವೂ ಸುಸೂತ್ರವಾಗಿತ್ತೆಂದು ಇದರ ಅರ್ಥವಲ್ಲ. 1964ರಲ್ಲಿ ಜಾಂಜಿಬಾರ್‌ನ ಕ್ರಾಂತಿ ಅನೇಕರನ್ನು ಬಲಿ ತೆಗೆದುಕೊಂಡಿತು, ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಮುಂದುವರಿದು ಬಡ ಮಕ್ಕಳಿಗೆ ತಡೆಯಾಯಿತು. ಆದರೂ ಕಲಹಕ್ಕೆ ಕಾರಣ ವೈವಿಧ್ಯವಲ್ಲ, ಅಧಿಕಾರದಲ್ಲಿರುವವರು ಅದನ್ನು ಬಳಸುವ ರೀತಿ ಎಂದು ನಾನು ಖಚಿತವಾಗಿ ನಂಬುತ್ತೇನೆ.

ಪ್ರಶ್ನೆ: ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಬಿಳಿಯರ ಭಾಷೆ ಎನ್ನುವುದು ಸರಿಯೇ?

ಉತ್ತರ: ಸರಿಯಲ್ಲ. ಡಚ್ಚರ ಮಾತು ಕೇಪ್ ಪ್ರದೇಶದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಖೋಯಿ ಜನರ, ಏಷ್ಯಾದಿಂದ ತಂದ ಗುಲಾಮರ ಬಾಯಲ್ಲಿ ಬದಲಾಗಿ ಈ ಭಾಷೆ ರೂಪುಗೊಂಡಿತು. ಅಲ್ಲಿನ ಮುಸ್ಲಿಂ ಮಕ್ಕಳು ಮದರಸಾಗಳಲ್ಲಿ ಪಾಠವನ್ನು ಬರೆದುಕೊಳ್ಳುತ್ತಿದ್ದುದು ಅರಬ್ಬಿ ಲಿಪಿಯ ಆಫ್ರಿಕಾನ್ಸ್‌ನಲ್ಲಿ. ಒಟ್ಟೊಮನ್ ಸಾಮ್ರಾಜ್ಯದಿಂದ ಬಂದ ವಿದ್ವಾಂಸ ಅಬುಬಕರ್ ಎಫೆಂದಿ ಅದೇ ಲಿಪಿಯಲ್ಲಿ ಬರೆದ ಇಸ್ಲಾಂ ಧರ್ಮಾಚಾರದ ಗ್ರಂಥ 1877ರಲ್ಲಿ ಇಸ್ತಾಂಬುಲಿನಲ್ಲಿ ಅಚ್ಚಾಯಿತು. ಆಫ್ರಿಕಾನ್ಸ್‌ನಲ್ಲಿ ಪೂರ್ಣ ಬೈಬಲ್ ಬಂದದ್ದು 1933ರಲ್ಲಿ. ಬಳಿಕ ಡಚ್ ರಿಫಾರ್ಮ್ಡ್ ಚರ್ಚು ಮತ್ತು ವರ್ಣಭೇದ ಸರ್ಕಾರ ಇದನ್ನು ತಮ್ಮದೆಂದೇ ಮೆರೆಸಿದವು. ಕಪ್ಪು ಮಕ್ಕಳ ಶಾಲೆಗಳಲ್ಲಿ ಇದನ್ನು ಮಾಧ್ಯಮವಾಗಿ ಹೇರಿದ್ದಕ್ಕೆ 1976ರ ಜೂನ್ 16ರಂದು ಸೊವೆಟೊದ ವಿದ್ಯಾರ್ಥಿಗಳು ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿದರು. ಇಂದು ಇದನ್ನು ಮನೆಮಾತಾಗಿ ಆಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಬಿಳಿಯರಲ್ಲ.